ನೋವಿಲ್ಲ ಎಂದರೆ ನಂಬುವ ಮೊದಲು: ಊಟ ಬಿಟ್ಟ ಮಕ್ಕಳಿರುವ ಮನೆಗೆ

ಸಕಲೇಶಪುರದ ನಮ್ಮ ಕಡೆ ಮಳೆಗಾಲದಲ್ಲಿ ತೋಟ ಸುತ್ತಿ ಬಂದವರು ಒಳಗೆ ಕಾಲಿಡುವ ಮೊದಲು ಜಗಲಿಯ ಮೇಲೆ ಕುಳಿತು ಕಾಲ್ಬೆರಳ ಸಂದುಗಳನ್ನು ಬಿಡಿಸಿ ನೋಡಿಕೊಳ್ಳುತ್ತಾರೆ. ಇಂಬಳ ಕಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಬಯಲುಸೀಮೆಯವರು ಜಿಗಣೆ ಎನ್ನುವ ಈ ಹುಳು ಹತ್ತಿದ್ದು ತಿಳಿಯುವುದು ಕಾಲುಚೀಲ ರಕ್ತದಲ್ಲಿ ತೊಯ್ದ ಮೇಲೆಯೇ. ಆದ್ದರಿಂದ ಮಲೆನಾಡಿನ ಮಗುವಿಗೆ ಯಾರೂ ಹೇಳಿಕೊಡದೆಯೇ ಒಂದು ಅಭ್ಯಾಸ ಬಂದಿರುತ್ತದೆ: ನೋವಾಗಲಿ ಎಂದು ಕಾಯುವುದಿಲ್ಲ, ಕಣ್ಣಿನಿಂದ ನೋಡಿಕೊಳ್ಳುತ್ತದೆ.

ಆ ಅಭ್ಯಾಸವಿದ್ದ ನಾವೇ ನಮ್ಮ ಅಕ್ಕನ ಮಗಳ ವಿಷಯದಲ್ಲಿ ಎಡವಿದೆವು.

ಅವಳು ಹಾಸನದ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಊಟ ಕಡಿಮೆಯಾಗಿತ್ತು, ಸಂಜೆ ಮಹಾರಾಜ ಪಾರ್ಕಿನಲ್ಲಿ ಸುತ್ತು ಹಾಕುವುದು ಹೆಚ್ಚಾಗಿತ್ತು. ಓದಿನ ಒತ್ತಡ, ಹಾಸ್ಟೆಲ್ ಅಡುಗೆ ಹಿಡಿಸಿಲ್ಲ ಎಂದು ನಾವೇ ಕಾರಣ ಹುಡುಕಿಕೊಂಡಿದ್ದೆವು. ದೀಪಾವಳಿಗೆ ಊರಿಗೆ ಬಂದಾಗ ಬಲಪಾದದ ಮೇಲ್ಭಾಗ ಊದಿತ್ತು. ‘ನೋಯುತ್ತದೆಯೇನೇ?’ ಎಂದು ಅಕ್ಕ ಕೇಳಿದಳು. ‘ಇಲ್ಲಮ್ಮ’ ಎಂದಳು. ನಾನೂ ಕೇಳಿದೆ. ‘ನಿಜವಾಗಿಯೂ ಇಲ್ಲ ಚಿಕ್ಕಮ್ಮ’ ಎಂದಳು. ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿಯೂ ಅದೇ ಪ್ರಶ್ನೆ, ಅದೇ ಉತ್ತರ. ಹಚ್ಚಲು ಮುಲಾಮು ಕೊಟ್ಟು ಕಳಿಸಿದರು. ಅವಳು ಮತ್ತೆ ಮೂರು ವಾರ ಆ ಕಾಲಿನಲ್ಲಿಯೇ ಪಾರ್ಕು ಸುತ್ತಿದಳು. ಕೊನೆಗೆ ಎಕ್ಸ್-ರೇ ತೆಗೆಸಿದಾಗ ಪಾದದ ಮೂಳೆ ಮುರಿದು, ಅಡ್ಡಾದಿಡ್ಡಿಯಾಗಿ ಕೂಡಿಕೊಳ್ಳಲು ಶುರುವಾಗಿತ್ತು. ಮೂಳೆ ತಜ್ಞರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ನಮ್ಮ ಕಡೆ ತಿರುಗಿ, ‘ಈ ಹುಡುಗಿ ಹೊಟ್ಟೆ ತುಂಬ ಉಂಡು ಎಷ್ಟು ದಿನವಾಯಿತು?’ ಎಂದು ಕೇಳಿದರು. ಒಂದು ವರ್ಷದಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು.

ಅವಳು ಸುಳ್ಳು ಹೇಳಿರಲಿಲ್ಲ. ಅವಳಿಗೆ ನಿಜವಾಗಿಯೂ ಅಷ್ಟು ನೋವಿರಲಿಲ್ಲ. ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ಬಿಡುತ್ತಾ ಹೋಗುವುದು), ಬುಲಿಮಿಯಾ (ಒಮ್ಮೆಗೇ ಬಹಳ ತಿಂದು, ವಾಂತಿ ಮುಂತಾದ ದಾರಿಯಿಂದ ಹೊರಹಾಕುವುದು), ಇಂತಹ ಆಹಾರ ಸೇವನೆಯ ಕಾಯಿಲೆ ಇರುವ ಅನೇಕರಲ್ಲಿ ನೋವಿನ ಹೊಸ್ತಿಲು, ಎಂದರೆ ನೋವೆನಿಸಲು ಶುರುವಾಗುವ ಮಟ್ಟ, ಮೇಲೇರಿರುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಈಗ ಅವಳು ಚೇತರಿಸಿಕೊಂಡಿದ್ದಾಳೆ. ಇದನ್ನು ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ನಾನು ವೈದ್ಯೆಯಲ್ಲ, ಚಿಕಿತ್ಸೆ ವೈದ್ಯರ ಕೆಲಸ. ಆದರೆ ಇಂತಹ ಮಕ್ಕಳನ್ನು ದಿನದ ಹೆಚ್ಚಿನ ಹೊತ್ತು ಕಣ್ಣಳತೆಯಲ್ಲಿ ಇಟ್ಟುಕೊಂಡಿರುವವರು ಮನೆಯವರು. ಅವರಿಗಾಗಿ ಈ ಬರಹ.

ಏಕೆ ಹೀಗಾಗುತ್ತದೆ

ಇದು ಹೊಸ ಸಂಗತಿಯಲ್ಲ. 1873ರಲ್ಲಿಯೇ ಪ್ಯಾರಿಸ್ಸಿನ ವೈದ್ಯ ಶಾರ್ಲ್ ಲಾಸೆಗ್ ಇಂತಹ ಹುಡುಗಿಯರ ಬಗ್ಗೆ ಬರೆಯುವಾಗ ಒಂದು ಮಾತನ್ನು ಗುರುತಿಸಿದ್ದರು. ಶುರುವಿನಲ್ಲಿ ‘ನೋವಾಗುತ್ತದೆ, ಅದಕ್ಕೇ ತಿನ್ನಲಾಗುತ್ತಿಲ್ಲ’ ಎನ್ನುತ್ತಿದ್ದವರು, ಕಾಯಿಲೆ ಬೇರೂರಿದ ಮೇಲೆ ‘ನನಗೇನೂ ನೋವಿಲ್ಲ, ಆದ್ದರಿಂದ ನಾನು ಚೆನ್ನಾಗಿದ್ದೇನೆ’ ಎಂಬುದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಮೊದಲ ಸಲ ಇದನ್ನು ಓದಿದಾಗ ನಮ್ಮ ಜಗಲಿಯ ಮೇಲೆ ನಡೆದ ಮಾತುಕತೆಯನ್ನೇ ಯಾರೋ ಬರೆದಿಟ್ಟಂತೆ ಅನ್ನಿಸಿತು.

ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರು ತಾವಾಗಿ ಮುಂದೆ ಬಂದು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಹಸಿವು ಮನುಷ್ಯನಿಗೆ ಏನು ಮಾಡುತ್ತದೆ ಎಂದು ತಿಳಿಯಲು ಆನ್ಸೆಲ್ ಕೀಸ್ ಮತ್ತು ಅವರ ತಂಡ ನಡೆಸಿದ ಪ್ರಯೋಗ ಅದು. ಆ ಯುವಕರಿಗೆ ಬೇಸಿಗೆಯಲ್ಲಿಯೂ ಚಳಿಯಾಗುತ್ತಿತ್ತು. ಸುಡುವ ತಟ್ಟೆಗಳನ್ನು ಅವರು ಬರಿಗೈಯಲ್ಲಿ ಹಿಡಿಯಬಲ್ಲವರಾಗಿದ್ದರು; ಕಾಫಿ, ಊಟ ಇನ್ನೂ ಬಿಸಿಯಾಗಿರಲಿ ಎನ್ನುತ್ತಿದ್ದರು. ಅವರಲ್ಲಿ ಯಾರಿಗೂ ಅನೊರೆಕ್ಸಿಯಾ ಇರಲಿಲ್ಲ. ಅಂದರೆ ಈ ಬದಲಾವಣೆಯ ಒಂದು ಪಾಲು ಹಸಿವಿನದ್ದೇ, ಸ್ವಭಾವದ್ದಲ್ಲ.

ನಂತರದ ದಶಕಗಳಲ್ಲಿ ಚರ್ಮಕ್ಕೆ ಅಳತೆಯ ಬಿಸಿ ತಾಗಿಸಿ, ಯಾವ ಹಂತದಲ್ಲಿ ಅದು ನೋವೆನಿಸುತ್ತದೆ ಎಂದು ಕೇಳುವ ಪರೀಕ್ಷೆಗಳು ನಡೆದವು. ಅನೊರೆಕ್ಸಿಯಾ ಇರುವವರಲ್ಲಿಯೂ ಬುಲಿಮಿಯಾ ಇರುವವರಲ್ಲಿಯೂ ಆ ಹಂತ ಇತರರಿಗಿಂತ ಮೇಲಿರುವುದು ಹಲವು ಅಧ್ಯಯನಗಳಲ್ಲಿ ಕಂಡಿತು. ಕಾರಣವೆಂದು ಒಂದರ ಕಡೆಗೇ ಬೆರಳು ತೋರಿಸುವಂತಿಲ್ಲ. ಹಸಿದ ದೇಹ ತನ್ನದೇ ನೋವುನಿವಾರಕಗಳಾದ ಎಂಡಾರ್ಫಿನ್‌ಗಳನ್ನು ಹೆಚ್ಚು ಬಳಸುತ್ತಿರಬಹುದು. ಮೈಯ ಕಾವು, ಥೈರಾಯ್ಡ್ ಹಾರ್ಮೋನು ಇಳಿದಿರುತ್ತವೆ. ಬುಲಿಮಿಯಾದಲ್ಲಿ ಹೊಟ್ಟೆಯಿಂದ ಮಿದುಳಿಗೆ ಹೋಗುವ ವೇಗಸ್ ನರದ ಪಾತ್ರವನ್ನು ಸಂಶೋಧಕರು ಪರಿಶೀಲಿಸಿದ್ದಾರೆ. ಇನ್ನೊಂದು ಕಾರಣ ನನಗೆ ಹೆಚ್ಚು ಮನದಟ್ಟಾಯಿತು: ಹಸಿವು, ಹೊಟ್ಟೆ ತುಂಬಿದ್ದು, ದಣಿವು, ನೋವು, ಇವೆಲ್ಲ ಮೈಯೊಳಗಿನ ಸುದ್ದಿಗಳು. ಹಸಿವಿನ ಸುದ್ದಿಯನ್ನು ತಿಂಗಳುಗಟ್ಟಲೆ ಕೇಳಿಸಿಕೊಳ್ಳದೆ ಇದ್ದವರಿಗೆ ಉಳಿದ ಸುದ್ದಿಗಳೂ ಮಂದವಾಗಿ ಕೇಳಿಸತೊಡಗುತ್ತವೆ.

ಎಲ್ಲರಲ್ಲಿಯೂ ಹೀಗಿರುವುದಿಲ್ಲ. ತಲೆನೋವು, ಹೊಟ್ಟೆನೋವಿನಿಂದ ನರಳುವವರೂ ಇದ್ದಾರೆ. ಹಾಗೆ ನರಳುವವರ ಮಾತನ್ನು ನಂಬಲೇಬೇಕು. ‘ನೋವಿದೆ’ ಎಂಬುದು ಯಾವಾಗಲೂ ಸಾಕ್ಷಿ, ‘ನೋವಿಲ್ಲ’ ಎಂಬುದು ಇವರ ಮಟ್ಟಿಗೆ ಸಾಕ್ಷಿಯಲ್ಲ.

ಮೊದಲ ಹೆಜ್ಜೆ: ಹೊಗಳಿಕೆ ನಿಲ್ಲಿಸಿ, ಪ್ರಶ್ನೆ ಬದಲಿಸಿ

ನಮ್ಮಲ್ಲಿ ನೋವು ನುಂಗುವ ಹೆಣ್ಣುಮಕ್ಕಳನ್ನು ಹೊಗಳುವ ಹಳೆಯ ರೂಢಿಯಿದೆ. ಮಸಿಬಟ್ಟೆಯಿಲ್ಲದೆ ಒಲೆಯ ಮೇಲಿನ ಪಾತ್ರೆ ಇಳಿಸಿದರೆ ‘ಗಟ್ಟಿಗಿತ್ತಿ’ ಎನ್ನುತ್ತೇವೆ. ಶನಿವಾರ ಒಪ್ಪೊತ್ತು, ಏಕಾದಶಿ, ಶ್ರಾವಣದ ವ್ರತ ಎಂದು ಒಂದರ ಮೇಲೊಂದು ಉಪವಾಸ ಸೇರಿಸುತ್ತಾ ಹೋದರೆ ‘ಎಷ್ಟು ಶ್ರದ್ಧೆ’ ಎನ್ನುತ್ತೇವೆ. ಗಂಡುಮಕ್ಕಳಾದರೆ ಜಿಮ್ಮಿನಲ್ಲಿ ಸ್ನಾಯು ಹರಿದರೂ ನಿಲ್ಲದವನನ್ನು ಶೂರನೆನ್ನುತ್ತೇವೆ. ಹುಡುಗರಿಗೂ ಈ ಕಾಯಿಲೆ ಬರುತ್ತದೆ. ಕಾಯಿಲೆಯ ಮಗುವಿನ ಕಿವಿಗೆ ಈ ಹೊಗಳಿಕೆ ಬಹುಮಾನದಂತೆ ಬೀಳುತ್ತದೆ. ಇವತ್ತಿನಿಂದಲೇ ನಿಲ್ಲಿಸಿ.

ಪ್ರಶ್ನೆಯೂ ಬದಲಾಗಲಿ. ‘ನೋವಿದೆಯೇ?’ ಎಂದು ಕೇಳಿದರೆ ಒಂದೇ ಪದದ ಉತ್ತರ ಬರುತ್ತದೆ. ಅದರ ಬದಲು ಕೆಲಸದ ಬಗ್ಗೆ ಕೇಳಿ. ಮಹಡಿ ಮೆಟ್ಟಿಲು ಹತ್ತುವಾಗ ಯಾವ ಕಾಲು ಮೊದಲು ಇಡುತ್ತೀಯ? ಹಾಸಿಗೆಯಿಂದ ಏಳುವಾಗ ಒಂದು ಕ್ಷಣ ಕುಳಿತು ಏಳಬೇಕಾಗುತ್ತದೆಯೇ? ರಾತ್ರಿ ಯಾವ ಮಗ್ಗುಲಿಗೆ ಮಲಗಲಾಗುವುದಿಲ್ಲ? ಬಾಯಿಯ ಯಾವ ಕಡೆಯಿಂದ ಅಗಿಯುತ್ತೀಯ? ನಮ್ಮ ಹುಡುಗಿ ‘ನೋವಿಲ್ಲ’ ಎನ್ನುತ್ತಲೇ ಮೆಟ್ಟಿಲಿನ ಕಂಬಿ ಹಿಡಿದು ಎಡಗಾಲಿನ ಮೇಲೆ ಮೈ ಹಾಕಿ ಇಳಿಯುತ್ತಿದ್ದಳು. ಬಾಯಿ ಹೇಳದ್ದನ್ನು ನಡಿಗೆ ಹೇಳುತ್ತಿತ್ತು, ನಾವು ನೋಡಲಿಲ್ಲ.

ಒಂದು ಎಚ್ಚರಿಕೆ. ನೋವು ಗೊತ್ತಾಗುತ್ತದೆಯೋ ಇಲ್ಲವೋ ಎಂದು ಚಿವುಟಿ, ಬಿಸಿ ತಾಗಿಸಿ ಪರೀಕ್ಷಿಸುವ ಕೆಲಸಕ್ಕೆ ಯಾರೂ ಕೈ ಹಾಕಬೇಡಿ. ಅದರಿಂದ ತಿಳಿಯುವುದು ಏನೂ ಇಲ್ಲ, ಮಗುವಿನ ನಂಬಿಕೆ ಹೋಗುತ್ತದೆ.

ಎರಡನೇ ಹೆಜ್ಜೆ: ವಾರಕ್ಕೊಮ್ಮೆ ಕಣ್ಣಿನಿಂದ ನೋಡಿ

ಪೊಲೀಸರಂತೆ ತಪಾಸಣೆ ಮಾಡಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಒಳ್ಳೆಯ ದಾರಿಯೊಂದು ಮೊದಲೇ ಇದೆ: ಭಾನುವಾರದ ಎಣ್ಣೆಸ್ನಾನ. ತಲೆಗೆ, ಕೈಕಾಲಿಗೆ ಎಣ್ಣೆ ಹಚ್ಚುವ ನೆಪದಲ್ಲಿ ಕಣ್ಣಿಗೆ ಬೀಳುವಷ್ಟು ಬೇರೆ ಯಾವಾಗಲೂ ಬೀಳುವುದಿಲ್ಲ. ಯಾರಿಂದ ಎಣ್ಣೆ ಹಚ್ಚಿಸಿಕೊಳ್ಳಲು ಅವರಿಗೆ ಸಂಕೋಚವಿಲ್ಲವೋ ಅವರೇ ಹಚ್ಚಲಿ. ನಮ್ಮ ಮನೆಯಲ್ಲಿ ಅದು ಅಜ್ಜಿ. ಏಕೆ ನೋಡುತ್ತಿದ್ದೇವೆ ಎಂಬುದನ್ನು ಮುಚ್ಚಿಡಬೇಡಿ: ‘ನಿನ್ನ ಮೈ ನೋವು ಹೇಳುತ್ತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಅದಕ್ಕೇ ನಾವು ನೋಡುತ್ತೇವೆ.’ ತೂಕದ ಮಾತು, ಮೈಕಟ್ಟಿನ ಮಾತು ಆ ಹೊತ್ತಿನಲ್ಲಿ ಬೇಡವೇ ಬೇಡ. ‘ಮೂಳೆ ಎದ್ದು ಕಾಣುತ್ತಿದೆ’ ಎಂಬುದು ನಮಗೆ ಸಂಕಟದ ಮಾತು, ಕಾಯಿಲೆಗೆ ಅದು ಮೆಚ್ಚುಗೆ.

ಪಾದಗಳಿಂದ ಶುರುಮಾಡಿ. ಒಂದು ಪಾದದ ಮೇಲ್ಭಾಗದಲ್ಲಿ ಊತ, ಹಿಮ್ಮಡಿಯ ಬೊಬ್ಬೆ, ಒಡೆದು ಕೀವಾದ ಜಾಗ, ಉಗುರಿನ ಬುಡ ಕಪ್ಪಾಗಿರುವುದು. ಬಹಳ ನಡೆಯುವ, ಓಡುವ ಮಕ್ಕಳಲ್ಲಿ ಮೂಳೆಯ ಸಣ್ಣ ಬಿರುಕು ಹೆಚ್ಚಾಗಿ ಕಾಣುವ ಜಾಗಗಳಲ್ಲಿ ಪಾದವೂ ಒಂದು. ಮುಟ್ಟು ಮೂರು ತಿಂಗಳಿಂದ ಬಂದಿಲ್ಲವಾದರೆ ಈ ಅನುಮಾನ ಇನ್ನಷ್ಟು ಗಟ್ಟಿ, ಏಕೆಂದರೆ ಮೂಳೆಯನ್ನು ಕಾಯುವ ಈಸ್ಟ್ರೋಜೆನ್ ಕೂಡ ಇಳಿದಿರುತ್ತದೆ. ಹೊಸ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು. ಒಮ್ಮೆ ‘ನಾರ್ಮಲ್’ ಎಂದು ಬಂದರೂ ಊತ ಇಳಿಯದಿದ್ದರೆ ಮತ್ತೆ ತೆಗೆಸಿ.

ಪಾದವನ್ನು ಮೇಲಕ್ಕೆ ಎತ್ತಲು ಹೇಳಿ. ಎತ್ತಲಾಗದೆ ಜೋತುಬಿದ್ದರೆ, ನಡೆಯುವಾಗ ಚಪ್ಪಲಿಯ ತುದಿ ನೆಲಕ್ಕೆ ಉಜ್ಜುತ್ತಿದ್ದರೆ ಅದು ಬೇರೆ ತೊಂದರೆ. ಮೊಣಕಾಲಿನ ಹೊರಬದಿಯಲ್ಲಿ ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ. ಅದರ ಸುತ್ತಲಿನ ಕೊಬ್ಬು ಕರಗಿರುವವರು ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಅಥವಾ ಕಾಲ ಮೇಲೆ ಕಾಲು ಹಾಕಿ ಕುಳಿತು ಓದಿದರೆ ನರ ಒತ್ತಿಕೊಂಡು ಕಾಲು ಜೋಮು ಹಿಡಿದಂತೆಯೇ ಉಳಿದುಬಿಡುತ್ತದೆ. ನರರೋಗ ತಜ್ಞರಿಗೆ ತೋರಿಸಿ, ಕೂರಲು ಕುರ್ಚಿ ಕೊಡಿ.

ಆಮೇಲೆ ಹೊಟ್ಟೆ, ಸೊಂಟ, ಮೊಣಕಾಲ ಕೆಳಗಿನ ಮುಂಭಾಗ. ಇಲ್ಲಿ ಮೀನಿನ ಬಲೆಯಂತೆ ಕಂದು ಗೆರೆಗಳು ಮೂಡಿದ್ದರೆ ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಸುಟ್ಟು ಬೊಬ್ಬೆ ಬರುವಷ್ಟಿಲ್ಲದ ಬಿಸಿಯನ್ನು ದಿನವೂ ಅದೇ ಜಾಗಕ್ಕೆ ಹಿಡಿದಾಗ ಬೀಳುವ ಗುರುತು. ಬಚ್ಚಲ ಒಲೆಯ ಮುಂದೆ ಗಂಟೆಗಟ್ಟಲೆ ಕುಳಿತು ಮೈ ಕಾಯಿಸಿಕೊಳ್ಳುವವರ ಕಾಲಿನ ಮೇಲೆ, ರಾತ್ರಿಯಿಡೀ ಬಿಸಿನೀರಿನ ಚೀಲ ಅಪ್ಪಿಕೊಂಡು ಮಲಗುವವರ ಹೊಟ್ಟೆಯ ಮೇಲೆ ಇದನ್ನು ಕಾಣಬಹುದು.

ಕಿವಿಯ ಮುಂದೆ, ಕೆನ್ನೆಯ ಕೆಳಭಾಗದಲ್ಲಿ ಎರಡೂ ಕಡೆ ಊತ. ಮಂಗನಬಾವು ಎಂದುಕೊಳ್ಳುತ್ತೇವೆ, ಆದರೆ ಜ್ವರವಿಲ್ಲ, ನೋವಿಲ್ಲ, ವಾರಗಳಾದರೂ ಇಳಿಯುವುದಿಲ್ಲ. ಪದೇ ಪದೇ ವಾಂತಿಯಾಗುವವರಲ್ಲಿ ಜೊಲ್ಲಿನ ಗ್ರಂಥಿ ಹೀಗೆ ಉಬ್ಬುತ್ತದೆ. ಹಲ್ಲುಗಳ ಒಳಮೈ ಸವೆದು, ಅಂಚು ತೆಳುವಾಗಿರುವುದನ್ನು ದಂತವೈದ್ಯರು ಮೊದಲು ಗುರುತಿಸಬಲ್ಲರು. ಹಲ್ಲುನೋವು ಬರಲಿ ಎಂದು ಕಾಯದೆ ಆರು ತಿಂಗಳಿಗೊಮ್ಮೆ ತೋರಿಸಿ. ವಾಂತಿಯಾದ ಕೂಡಲೇ ಬ್ರಷ್ ಮಾಡಿದರೆ ಆಮ್ಲದಿಂದ ಮೆತ್ತಗಾದ ಹಲ್ಲು ಇನ್ನೂ ಸವೆಯುತ್ತದೆ. ಬರೀ ನೀರಿನಿಂದ ಅಥವಾ ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನಿಂದ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಬ್ರಷ್ ಮಾಡಲಿ.

ಮೂರನೇ ಹೆಜ್ಜೆ: ಬಿಸಿಯನ್ನು ಅಳೆದು ಕೊಡಿ

ಕಾಫಿ ತುಂಬಿದ ಸ್ಟೀಲ್ ಲೋಟವನ್ನು ನಾವೆಲ್ಲ ಅಂಚು ಹಿಡಿದು ಎತ್ತುತ್ತೇವೆ. ಅಕ್ಕನ ಮಗಳು ಎರಡೂ ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು, ಹಬೆಯಾಡುವ ಕಾಫಿಯನ್ನು ಹಾಗೆಯೇ ಕುಡಿಯುತ್ತಿದ್ದಳು. ಅಂಗೈ ಕೆಂಪಾಗುತ್ತಿತ್ತು. ಜುಲೈ ತಿಂಗಳ ಮಳೆ, ಚಳಿ, ಇರಲಿ ಎಂದುಕೊಂಡೆವು. ಇಂತಹ ಮಕ್ಕಳಿಗೆ ಚಳಿ ನಿಜವಾಗಿಯೂ ಹೆಚ್ಚು. ಬಿಸಿ ಬೇಡ ಎಂದು ಕಿತ್ತುಕೊಳ್ಳುವುದು ಕ್ರೌರ್ಯವಾಗುತ್ತದೆ. ಸುಡುವುದು ಅವರಿಗೆ ತಡವಾಗಿ ತಿಳಿಯುತ್ತದೆ ಎಂಬುದನ್ನು ನೆನಪಿಟ್ಟು ಮನೆಯನ್ನು ಸ್ವಲ್ಪ ಬದಲಿಸಿದರೆ ಸಾಕು.

ಸ್ನಾನದ ನೀರು: ಹಂಡೆಯದ್ದಾದರೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಹದವನ್ನು ಮನೆಯ ಇನ್ನೊಬ್ಬರು ಮೊಣಕೈ ಅದ್ದಿ ನೋಡಲಿ. ಗೀಸರ್ ಇದ್ದರೆ 50 ಡಿಗ್ರಿಗಿಂತ ಮೇಲೆ ಇಡಬೇಡಿ. ಬಿಸಿನೀರಿನ ಚೀಲವನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ ಮಲಗುವ ಮುಂಚೆ ಹಾಸಿಗೆ ಬೆಚ್ಚಗಾಗಲು ಇಡಿ, ಅವರು ಮಲಗುವಾಗ ತೆಗೆದುಬಿಡಿ. ಉಣ್ಣೆಯ ಕಾಲುಚೀಲ, ಟೋಪಿ, ಎರಡು ಪದರ ಸ್ವೆಟರ್, ಕಂಬಳಿ, ಇವು ಒಲೆಗಿಂತ ಮೇಲು. ಲೋಟದ ಬದಲು ಹಿಡಿಯಿರುವ ಪಿಂಗಾಣಿ ಕಪ್ ಕೊಡಿ. ಅಕ್ಕಿರೊಟ್ಟಿಯ ಕಾವಲಿ, ಕಡುಬಿನ ಪಾತ್ರೆಯ ಹತ್ತಿರ ಕೆಲವು ತಿಂಗಳು ಅವರೊಬ್ಬರನ್ನೇ ಬಿಡಬೇಡಿ. ಇಕ್ಕಳ, ಮಸಿಬಟ್ಟೆ ಕಣ್ಣೆದುರೇ ಇರಲಿ.

ಸುಟ್ಟೇ ಹೋದರೆ, ಅವರು ‘ಏನೂ ಆಗಿಲ್ಲ’ ಎಂದರೂ, ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ನಲ್ಲಿನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಮಂಜುಗಡ್ಡೆ ಬೇಡ. ಮೈಯ ಕಾವು ಮೊದಲೇ ಕಡಿಮೆ ಇರುವವರಾದ್ದರಿಂದ ಉಳಿದ ಮೈಗೆ ಕಂಬಳಿ ಹೊದೆಸಿ. ಸುಟ್ಟಗಾಯ ಎಷ್ಟು ಆಳವಾಗಿದೆ ಎಂದು ನೋವಿನಿಂದ ಅಳೆಯಲಾಗದು. ವೈದ್ಯರೇ ನೋಡಲಿ.

ನಾಲ್ಕನೇ ಹೆಜ್ಜೆ: ಒಂದು ನೋಟ್‌ಬುಕ್

ತೂಕ ಇದರಲ್ಲಿ ಬೇಡ, ಅದು ಆಸ್ಪತ್ರೆಯಲ್ಲಿ ಆಗಲಿ. ಬೆಳಿಗ್ಗೆ ಐದು ನಿಮಿಷ ಮಲಗಿಸಿ, ಮಣಿಕಟ್ಟಿನಲ್ಲಿ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಿರಿ. ಎದ್ದು ನಿಂತು ಎರಡು ಮೂರು ನಿಮಿಷವಾದ ಮೇಲೆ ಮತ್ತೆ ಎಣಿಸಿ. ಎಚ್ಚರವಾಗಿರುವಾಗ ನಾಡಿ 50ಕ್ಕಿಂತ ಕೆಳಗಿದ್ದರೆ, ನಿಂತಾಗ 30ಕ್ಕಿಂತ ಹೆಚ್ಚು ಏರಿದರೆ, ನಿಂತ ಕೂಡಲೇ ಕಣ್ಣು ಕತ್ತಲಿಟ್ಟರೆ ಅದೇ ದಿನ ವೈದ್ಯರನ್ನು ಕಾಣಿ. 40ಕ್ಕಿಂತ ಕೆಳಗಿದ್ದರೆ ತುರ್ತು ವಿಭಾಗಕ್ಕೆ. ಥರ್ಮಾಮೀಟರ್ 96 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ತೋರಿಸಿದರೂ ಅದೇ ದಿನ ವೈದ್ಯರನ್ನು ಕಾಣಬೇಕು. ಜ್ವರ ಬರದಿರುವುದನ್ನೂ ನಂಬಬೇಡಿ. ಬಹಳ ಸೊರಗಿದ ದೇಹಕ್ಕೆ ಸೋಂಕು ತಗುಲಿದರೂ ಕಾವು ಏರದೆ ಇರಬಹುದು.

ಮೈಮೇಲೆ ಕಂಡ ಗಾಯ, ಊತ, ಅದರ ತಾರೀಖು, ಮತ್ತು ಅವರು ಹೇಳಿದ ಮಾತನ್ನು ಪಕ್ಕದಲ್ಲಿಯೇ ಬರೆಯಿರಿ. ‘ನವೆಂಬರ್ 3, ಬಲಪಾದ ಊತ, ನೋವಿಲ್ಲ ಎಂದಳು, ಮೆಟ್ಟಿಲಿಳಿಯುವಾಗ ಕಂಬಿ ಹಿಡಿದಳು.’ ಇಂತಹ ಒಂದು ಸಾಲು ವೈದ್ಯರಿಗೆ ನಮ್ಮ ಅರ್ಧ ಗಂಟೆಯ ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಐದನೇ ಹೆಜ್ಜೆ: ವೈದ್ಯರಿಗೆ ಹೇಳುವ ರೀತಿ

ಈ ಕಾಯಿಲೆಗೆ ಒಬ್ಬರೇ ವೈದ್ಯರು ಸಾಲುವುದಿಲ್ಲ. ಹಾಸನದಲ್ಲಿ ಹಿಮ್ಸ್, ಎಂದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಮೆಡಿಸಿನ್, ಮನೋವೈದ್ಯಕೀಯ ವಿಭಾಗಗಳು ಒಂದೇ ಕಡೆ ಸಿಗುತ್ತವೆ. ಚಿಕ್ಕಮಗಳೂರಿನಲ್ಲಿ ಈಗ ವೈದ್ಯಕೀಯ ಕಾಲೇಜಿನೊಂದಿಗೆ ಸೇರಿರುವ ಜಿಲ್ಲಾ ಆಸ್ಪತ್ರೆಯಿದೆ. ಎರಡೂ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ಮೂಡಿಗೆರೆ, ಕೊಪ್ಪ, ಬೇಲೂರು, ಅರಸೀಕೆರೆಯಂತಹ ಊರಿನವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮಕ್ಕೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಎಂದು ವಿಚಾರಿಸಿ. ಕಷ್ಟದ ಸಂದರ್ಭದಲ್ಲಿ ಅವರೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ.

ವೈದ್ಯರ ಮುಂದೆ ಕುಳಿತಾಗ ‘ಹೊಟ್ಟೆ ನೋವೇ?’ ಎಂಬ ಪ್ರಶ್ನೆ ಬರುವುದಕ್ಕೂ ಮೊದಲೇ ಹೇಳಿಬಿಡಿ: ಇವಳಿಗೆ ಆಹಾರ ಸೇವನೆಯ ಕಾಯಿಲೆಯಿದೆ, ನೋವು ಕಡಿಮೆ ಗೊತ್ತಾಗುತ್ತದೆ, ದಯವಿಟ್ಟು ಮುಟ್ಟಿ ನೋಡಿ, ಪರೀಕ್ಷೆ ಮಾಡಿಸಿ. ಮಲಗಿಸಿ ಮತ್ತು ನಿಲ್ಲಿಸಿ ರಕ್ತದೊತ್ತಡ, ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್, ಸಕ್ಕರೆ, ರಕ್ತಕಣಗಳ ಎಣಿಕೆ ಬೇಕೇ ಎಂದು ಕೇಳಿ. ಮುಟ್ಟು ನಿಂತು ಬಹಳ ಕಾಲವಾಗಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆಯೂ ಕೇಳಬಹುದು. ಹಾಗೆ ಕೇಳಿದರೆ ವೈದ್ಯರಿಗೆ ಅಗೌರವವಾಗುತ್ತದೆ ಎಂಬ ಅಳುಕು ನಮಗೂ ಇತ್ತು. ಆ ಅಳುಕಿಗೆ ಮೂರು ವಾರ ತೆತ್ತೆವು.

ಅಪೆಂಡಿಸೈಟಿಸ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬೇರೆ ಮನೆಯಲ್ಲಿ ಮಗು ಊಟ ಬೇಡ ಎಂದರೆ ತಾಯಿ ಕೂಡಲೇ ಹಣೆ ಮುಟ್ಟಿ ನೋಡುತ್ತಾಳೆ. ಈ ಕಾಯಿಲೆಯಿರುವ ಮನೆಯಲ್ಲಿ ಊಟ ಬೇಡ ಎಂಬುದು ದಿನದ ಮಾತು. ನೋವೂ ಮಂದ, ಜ್ವರವೂ ಏರದೆ ಇರಬಹುದು. ಆದ್ದರಿಂದ ದಿನಕ್ಕಿಂತ ಬೇರೆಯಾಗಿ ಮುದುಡಿ ಮಲಗಿದ್ದರೆ, ಬಗ್ಗಿ ನಡೆಯುತ್ತಿದ್ದರೆ, ಕೆಮ್ಮಿದಾಗ ಹೊಟ್ಟೆ ಹಿಡಿದುಕೊಂಡರೆ, ಬಲಗಡೆಯ ಕೆಳಹೊಟ್ಟೆ ಮುಟ್ಟಲು ಬಿಡದಿದ್ದರೆ ಕಾಯಬೇಡಿ.

ನೋವಿನ ಮಾತ್ರೆಗಳ ಬಗ್ಗೆ ಒಂದು ಮಾತು. ಅಂಗಡಿಯಿಂದ ತಂದು ಕೊಡಬೇಡಿ. ಖಾಲಿ ಹೊಟ್ಟೆ, ನೀರು ಕಡಿಮೆಯಾದ ದೇಹಕ್ಕೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹವು ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಕೂಡ ಬಹಳ ಸೊರಗಿದವರ ಯಕೃತ್ತಿಗೆ ಮಾಮೂಲಿ ಪ್ರಮಾಣದಲ್ಲಿಯೇ ಭಾರವಾಗಬಹುದು. ಪ್ರಮಾಣವನ್ನು ವೈದ್ಯರೇ ಹೇಳಲಿ.

ಆರನೇ ಹೆಜ್ಜೆ: ಊಟ ಮರಳುವಾಗ ನೋವೂ ಮರಳುತ್ತದೆ

ಇಲ್ಲಿ ಮನೆಯವರು ಗೊಂದಲಕ್ಕೆ ಬೀಳುತ್ತಾರೆ. ಕಾಲು ಮುರಿದಾಗ ನೋವಿಲ್ಲ ಎಂದವಳು ನಾಲ್ಕು ತುತ್ತು ಅನ್ನ ಉಂಡು ಹೊಟ್ಟೆ ನೋವು ಎಂದು ಅಳುತ್ತಾಳೆ. ನಾಟಕ ಎನ್ನಬೇಡಿ. ಬಹಳ ದಿನ ಕಡಿಮೆ ತಿಂದವರ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಉಬ್ಬರ, ಒತ್ತುವ ನೋವು ನಿಜವಾಗಿಯೇ ಇರುತ್ತದೆ. ನಿಯಮಿತವಾಗಿ ಉಣ್ಣುತ್ತಾ ಹೋದರೆ ಕೆಲವು ವಾರಗಳಲ್ಲಿ ಹಗುರವಾಗುತ್ತದೆ. ‘ನೋವಿದೆ, ನನಗೆ ಗೊತ್ತು, ಆದರೂ ಹೊತ್ತಿಗೆ ಸರಿಯಾಗಿ ತಿನ್ನೋಣ, ನಾನು ಪಕ್ಕದಲ್ಲಿಯೇ ಇರುತ್ತೇನೆ’ ಎಂದು ಹೇಳಿ ಪಕ್ಕದಲ್ಲಿಯೇ ಕುಳಿತುಕೊಳ್ಳಿ. ದೊಡ್ಡ ಊಟ ಮೂರರ ಬದಲು ಸಣ್ಣದು ಐದಾರು. ಊಟವಾದ ಮೇಲೆ ಅರ್ಧ ಗಂಟೆ ಚೌಕಾಬಾರ ಆಡಿ, ಹೂ ಕಟ್ಟಿಸಿ, ರೇಡಿಯೋ ಹಾಕಿ. ಹೊಟ್ಟೆಯ ಮೇಲೆ ಬಿಸಿ ಚೀಲ ಇಡುವುದಾದರೆ ಟವೆಲ್ ಸುತ್ತಿ, ಹತ್ತು ನಿಮಿಷಕ್ಕೆ ತೆಗೆಯಿರಿ.

ಐದು ದಿನಕ್ಕಿಂತ ಹೆಚ್ಚು ಕಾಲ ಏನೂ ತಿನ್ನದಷ್ಟು ಕಡಿಮೆ ತಿಂದಿದ್ದವರಿಗೆ ಪ್ರೀತಿಯಿಂದ ಒಮ್ಮೆಗೇ ಹೊಟ್ಟೆ ತುಂಬ ಬಡಿಸುವುದು ಅಪಾಯ. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ಅಂತಹವರ ಮೊದಲ ದಿನಗಳ ಊಟವನ್ನು ವೈದ್ಯರ ಉಸ್ತುವಾರಿಯಲ್ಲಿಯೇ ಶುರುಮಾಡಬೇಕು. ಆ ದಿನಗಳಲ್ಲಿ ಪಾದ ಊದಿದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ.

ಮೈಯ ಸುದ್ದಿ ಮರಳಿ ಕೇಳಿಸುವುದಕ್ಕೆ ಎಲ್ಲರಿಗೂ ಒಂದೇ ಗಡುವಿಲ್ಲ. ಕೆಲವರಲ್ಲಿ ತೂಕ ಸುಧಾರಿಸಿದ ಮೇಲೆಯೂ ಮಂದವಾಗಿಯೇ ಉಳಿಯುತ್ತದೆ. ನಮ್ಮ ಹುಡುಗಿ ಏಳು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟವನ್ನು ಥಟ್ಟನೆ ಕೆಳಗಿಟ್ಟು ‘ಚಿಕ್ಕಮ್ಮ, ಸುಡುತ್ತಿದೆ’ ಎಂದಳು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೂ ವರ್ಷದವರೆಗೆ ಭಾನುವಾರದ ಎಣ್ಣೆ ನಿಲ್ಲಿಸಲಿಲ್ಲ.

ಏಳನೇ ಹೆಜ್ಜೆ: ಬದುಕು ಬೇಡವೆನ್ನಿಸುತ್ತದೆಯೇ ಎಂದು ಕೇಳಿ

ಈ ಕಾಯಿಲೆಯಲ್ಲಿ ತಮ್ಮನ್ನು ತಾವೇ ಗಾಯಪಡಿಸಿಕೊಳ್ಳುವುದು, ಸಾಯುವ ಯೋಚನೆ, ಎರಡೂ ಹೆಚ್ಚು. ನೋವು ತಡೆಯಾಗಿ ನಿಲ್ಲದವರಲ್ಲಿ ಅಪಾಯವೂ ಹೆಚ್ಚು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ‘ಬದುಕುವುದೇ ಬೇಡ ಅನ್ನಿಸುತ್ತದೆಯೇ ಕಂದಾ?’ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಹೌದೆಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಒಂಟಿಯಾಗಿ ಬಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ, ದುಡ್ಡಿಲ್ಲ. ಮಗು ಮಾತನಾಡಲು ಒಪ್ಪದಿದ್ದರೆ ನೀವೇ ಮಾತನಾಡಿ.

108ಕ್ಕೆ ಕರೆ ಮಾಡುವ ಹೊತ್ತು

ಪ್ರಜ್ಞೆ ತಪ್ಪಿದರೆ, ಎದೆಬಡಿತ ಹದ ತಪ್ಪಿದರೆ, ವಾಂತಿಯಲ್ಲಿ ರಕ್ತ ಬಂದರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ಒಮ್ಮೆಗೇ ಬಹಳ ತಿಂದ ನಂತರ ಹೊಟ್ಟೆ ಕಲ್ಲಿನಂತೆ ಬಿಗಿದು ವಾಂತಿಯೂ ಆಗದಿದ್ದರೆ, ಮೈ ತಣ್ಣಗಾಗಿ ಮಂಕು ಕವಿದರೆ ‘ಸ್ವಲ್ಪ ಮಲಗಿದರೆ ಸರಿಹೋಗುತ್ತದೆ’ ಎಂಬ ಅವರ ಮಾತಿಗೆ ಒಪ್ಪಬೇಡಿ. ತೋಟದ ಮನೆಯವರು ಆಂಬುಲೆನ್ಸ್ ಬರುವ ದಾರಿಯ ಗುರುತು, ಗೇಟಿನ ಬೀಗದ ಕೈ ಯಾರ ಬಳಿಯಿದೆ ಎಂಬುದನ್ನು ಮೊದಲೇ ಬರೆದು ಫೋನಿನ ಪಕ್ಕ ಅಂಟಿಸಿಡಿ. ಮಳೆಗಾಲದ ರಾತ್ರಿ ಅದು ನೆನಪಿಗೆ ಬರುವುದಿಲ್ಲ. ನೋಟ್‌ಬುಕ್, ಹಳೆಯ ಇಸಿಜಿ, ಮಾತ್ರೆಗಳ ಪಟ್ಟಿ ಒಂದೇ ಚೀಲದಲ್ಲಿರಲಿ. ಆ ಚೀಲದ ಮೇಲೆ ಅಕ್ಕ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದ್ದಳು, ಬೇಕಾದವರು ಹಾಗೆಯೇ ಬರೆದುಕೊಳ್ಳಬಹುದು: ‘ಇವಳಿಗೆ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ನೋವಿಲ್ಲ ಎಂದರೂ ದಯವಿಟ್ಟು ಪರೀಕ್ಷಿಸಿ.’